ಅಕ್ಕನ ಸೊನ್ನೆ ನೀರು

ಅಕ್ಕನ ಎಡ ಮಂಡಿಯ ಮೇಲೆ ಎಂಟಾಣೆ ಅಗಲದ ಒಂದು ಜಡ್ಡು ಇತ್ತು. ಕಪ್ಪಗೆ, ಮುಟ್ಟಿದರೆ ಒರಟು. ನೋಡಿದ ಹೆಂಗಸರು ದೇವರಿಗೆ ಮಂಡಿಯೂರಿ ಆದದ್ದು ಅಂದುಕೊಳ್ಳುತ್ತಿದ್ದರು. ಅವಳು ಮಂಡಿಯೂರುತ್ತಿದ್ದುದು ಒಂದು ಗಾಜಿನ ಫ್ಲಾಸ್ಕಿನ ಮುಂದೆ. ಉದ್ದ ಕತ್ತಿನ ಆ ಫ್ಲಾಸ್ಕಿನ ಕತ್ತಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಇರುತ್ತದೆ. ನೀರು ಆ ಗೆರೆಗೆ ಸರಿಯಾಗಿ ಬಂದು ನಿಲ್ಲಬೇಕು. ನಿಂತು ನೋಡಿದರೆ ಒಂದು ತರ ಕಾಣುತ್ತದೆ, ಬಗ್ಗಿ ನೋಡಿದರೆ ಇನ್ನೊಂದು ತರ. ಅದಕ್ಕೇ ಅಕ್ಕ ಸೀರೆ ಎತ್ತಿ ಕಟ್ಟಿ, ಎಡ ಮಂಡಿಯನ್ನು ಸಿಮೆಂಟು ನೆಲಕ್ಕೆ ಊರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಉಸಿರು ಹಿಡಿದು ಕೊನೆಯ ಹನಿ ಬಿಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಹೊಲಿಗೆ ಯಂತ್ರ ತುಳಿಯುವ ಹಾಗಿರಲಿಲ್ಲ. ನೆಲ ಅದುರುತ್ತದೆ ಅನ್ನುತ್ತಿದ್ದಳು.

ಅವಳ ಕೆಲಸ ಏನೆಂದು ನಮ್ಮ ನೆಂಟರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ನೀರು ಪರೀಕ್ಷೆ ಮಾಡುತ್ತಾಳೆ ಎಂದರೆ ತಲೆಯಾಡಿಸುತ್ತಿದ್ದರು. ನೀರು ಪರೀಕ್ಷೆ ಮಾಡುವ ಯಂತ್ರವನ್ನು ಮೊದಲು ಪರೀಕ್ಷೆ ಮಾಡಬೇಕು, ಅದಕ್ಕೆ ಬೇಕಾದ ನೀರನ್ನು ಅವಳೇ ತಯಾರು ಮಾಡುತ್ತಾಳೆ ಎಂದರೆ ನಗುತ್ತಿದ್ದರು. "ನೀರ ಯಾರಾದ್ರೂ ತಯಾರ್ ಮಾಡ್ತಾರಾ ಕಣೆ? ಮಳೆರಾಯ ಸುಮ್ಕವನಾ?" ಎಂದು ಸೋದರತ್ತೆ ಒಮ್ಮೆ ಕೇಳಿದ್ದರು. ಅಕ್ಕ, "ಮಳೆರಾಯಂದೂ ಒಂದು ಬಾಟ್ಲಿ ಇಡ್ಕೊಂಡ್ ಬಾ ಅತ್ತೆ, ಅವ್ನದನ್ನೂ ನೋಡಿ ಏಳ್ತೀನಿ" ಎಂದಿದ್ದಳು.

ತಿರುಮಕೂಡಲು ನರಸೀಪುರದಲ್ಲಿ ಒಬ್ಬರು ಹಳ್ಳಿಗಳ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದಿದ್ದರು. ಅಕ್ಕ ಬಸ್ಸಿನಲ್ಲಿ ದಿನಾ ಮೈಸೂರಿಗೆ ಹೋಗಿ ಬಂದು ಬಿಎಸ್ಸಿ ಮಾಡಿದವಳು; ಅವರ ಬಳಿ ಕೆಲಸಕ್ಕೆ ಸೇರಿದಳು. ಅವರ ಆಫೀಸು ಬಸ್‌ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆ. ಅಲ್ಲಿ ಗಾಜಿನ ಸಾಮಾನು ಇಡಲು ಜಾಗವಿರಲಿಲ್ಲ. ಆದ್ದರಿಂದ ನಂಜನಗೂಡಿನ ನಮ್ಮ ಮನೆಯ ಹಿಂದಿನ ಕೋಣೆಯೇ ಅವಳ ಲ್ಯಾಬು. ಅಪ್ಪ ಅವ್ವ ಹೋದ ಮೇಲೆ ಆ ಮನೆಯಲ್ಲಿ ನಾನು, ನನ್ನ ಗಂಡ, ಮದುವೆ ಬೇಡವೆಂದ ಅಕ್ಕ. ನನ್ನ ಗಂಡ ಲಾರಿಗೆ ಹೋಗುವವರು, ವಾರಕ್ಕೊಮ್ಮೆ ಬಂದರೆ ಹೆಚ್ಚು. ಹಾಗಾಗಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತಿದ್ದೆ, ಹಿಂದಿನ ಕೋಣೆಯಲ್ಲಿ ಅವಳು ನೀರು ಕಾಯಿಸುತ್ತಿದ್ದಳು.

ನೀರನ್ನು ಕುದಿಸಿ, ಆವಿ ಮಾಡಿ, ಆ ಆವಿಯನ್ನು ತಣಿಸಿ ಹನಿ ಹನಿಯಾಗಿ ಇಳಿಸುವ ಒಂದು ಗಾಜಿನ ಸಾಧನ ಅಲ್ಲಿತ್ತು. ಕರೆಂಟು ಸರಿಯಾಗಿದ್ದರೆ ಹತ್ತು ಲೀಟರಿನ ಕ್ಯಾನು ತುಂಬಲು ಎರಡು ದಿನ. ಆ ನೀರಿನಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ, ಏನೂ ಇಲ್ಲ. ಕುಡಿದರೆ ಸಪ್ಪೆ ಅನ್ನುವುದಕ್ಕೂ ಅದರಲ್ಲಿ ಏನೂ ಇರಲಿಲ್ಲ. ಅಕ್ಕ ಅದನ್ನು ಸೊನ್ನೆ ನೀರು ಎಂದು ಕರೆಯುತ್ತಿದ್ದಳು. ಕ್ಯಾನು ತುಂಬಿದ ದಿನ ಉಪ್ಪಿನಂಶ ತೋರಿಸುವ ಒಂದು ಮೀಟರು ಅದ್ದಿ ನೋಡಿ, ಸರಿಯಿದ್ದರೆ ಒಂದು ಚೀಟಿಯಲ್ಲಿ ತಾರೀಖು ಹಾಕಿ, "ನೋಡಿದೆ" ಎಂದು ಬರೆದು, ಮುಚ್ಚಳದಿಂದ ಕ್ಯಾನಿನ ಕತ್ತಿಗೆ ಅಡ್ಡವಾಗಿ ಅಂಟಿಸುತ್ತಿದ್ದಳು. ಚೀಟಿ ಅಂಟಿದ ಕ್ಯಾನನ್ನು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. ಅದು ಅವಳದೇ ಅಕ್ಷರ, ಅವಳದೇ ಮಾತು.

ಆ ನೀರಿಗೆ ಮೈಸೂರಿನಿಂದ ತಂದ ಗಟ್ಟಿ ದ್ರಾವಣವನ್ನು ಅಳೆದು ಬೆರೆಸಿ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಇಷ್ಟರಲ್ಲಿ ಇಷ್ಟೇ ಇದೆ ಎಂದು ಖಚಿತವಾಗಿ ಗೊತ್ತಿರುವ ಬಾಟಲಿಗಳನ್ನು ಮಾಡಿಕೊಳ್ಳುತ್ತಿದ್ದಳು. ಯಾವುದೇ ಪಾತ್ರೆಯಾದರೂ ಮೂರು ಸಲ ಸೊನ್ನೆ ನೀರಿನಲ್ಲಿ ಜಾಲಿಸಬೇಕು. ಆ ದಿನ ಕೈಗೆ ಅರಿಶಿನ ಇಲ್ಲ, ಕೊಬ್ಬರಿ ಎಣ್ಣೆ ಇಲ್ಲ, ಬಳೆ ಇಲ್ಲ. ಬೆರಳ ತುದಿಗಳು ಸದಾ ಬಿಳಚಿಕೊಂಡು ಸುಕ್ಕಾಗಿರುತ್ತಿದ್ದವು.

"ಇಷ್ಟೆಲ್ಲ ಯಾಕಕ್ಕ?" ಎಂದು ಒಮ್ಮೆ ಕೇಳಿದೆ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ನನಗೆ ಹೇಳುವಾಗ ಅವಳು ಮನೆಯ ಸಾಮಾನು ಹಿಡಿದೇ ಹೇಳುತ್ತಿದ್ದಳು.

"ತಕ್ಕಡಿ ಗೊತ್ತಲ್ಲ ನಿಂಗೆ? ಏನೂ ಆಕ್ದೆ ಇರುವಾಗ ಮುಳ್ಳು ನೆಟ್ಟಗೆ ನಿಲ್ಬೇಕು. ಒಂದ್ ತಟ್ಟೆ ಅಡೀಲಿ ಯಾರೋ ಉಣಸೆಣ್ಣು ಮೆತ್ತಿದ್ರೆ? ಆಮೇಲೆ ನೀನು ಎಷ್ಟ್ ನಿಯತ್ತಾಗಿ ತೂಗಿದ್ರೂ ಸುಳ್ಳೇ. ನನ್ ಮಿಷಿನ್‌ಗೆ 'ನೋಡಪ್ಪ, ಏನೂ ಇಲ್ದೇ ಇರೋದು ಅಂದ್ರೆ ಇದು' ಅಂತ ತೋರ್ಸೋದು ಈ ನೀರು. ಇದ್ರಲ್ಲೇ ಏನಾರ ಇದ್ರೆ ಅದು ಅದ್ನೇ ಸೊನ್ನೆ ಅನ್ಕೊತದೆ. ಬಯ್ಯಕ್ಕಾಯ್ತದಾ ಅದ್ನ?"

ಇನ್ನೊಂದು ಮಾತು ಹೇಳಬೇಕು. ನಾವು ಊರ ಹೊರಗಿನ ಬೀದಿಯವರು. ನಮ್ಮವ್ವ ಹುಡುಗಿಯಾಗಿದ್ದಾಗ ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೂ ಕಾಯಬೇಕಿತ್ತು. ಅಂಥವಳ ಮಗಳು ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡು ಮೂಗೂರು, ಹೆಮ್ಮಿಗೆ, ಹೆಮ್ಮರಗಾಲ ಎಂದು ತಿರುಗಿ, ಇದು ಕುಡಿಯುವ ನೀರು, ಇದು ಅಲ್ಲ ಎಂದು ಹೇಳುತ್ತಿದ್ದಳು. ಇದನ್ನು ಅಕ್ಕ ಯಾವತ್ತೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಹೊರಡುವಾಗ ಸೀರೆಯ ನೆರಿಗೆಯನ್ನು ಎರಡು ಸಲ ಸರಿಮಾಡಿಕೊಳ್ಳುತ್ತಿದ್ದಳು.

ಒಂದು ಊರಿಗೆ ನಾನೂ ಜೊತೆಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತಿದ್ದ ಯಜಮಾನರು ನಮ್ಮನ್ನು ವಿಚಾರಿಸಿಕೊಂಡರು. ಯಾರ ಮಕ್ಕಳು, ಯಾವ ಬೀದಿ ಎಲ್ಲ ಗೊತ್ತಾದ ಮೇಲೆ, ಮನೆಯ ಕೊಳಾಯಿಗೆ ಅಕ್ಕ ಬಾಟಲಿ ಹಿಡಿಯಲು ಹೋದಾಗ "ಅಲ್ಲೇ ನಿಂತ್ಕೊಳವ್ವ, ನಾವೇ ಇಡ್ಕೊಡ್ತೀವಿ" ಎಂದರು. ಅಕ್ಕ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಅವರು ಹಿಡಿದು ಕೊಟ್ಟದ್ದನ್ನು ಅಲ್ಲೇ ನೆರಳಲ್ಲಿ ಕೂತು ಕೆಂಪು ಔಷಧಿ ಬೆರೆಸಿ ಯಂತ್ರದಲ್ಲಿ ನೋಡಿದಳು. ಆಮೇಲೆ ಜಗುಲಿಯ ಕೆಳಗೆ ನಿಂತು, "ಅಜ್ಜ, ಈ ಬೋರ್ ನೀರು ಕುಡೀಬ್ಯಾಡಿ. ಮೂಳೆಗೆ ಒಳ್ಳೇದಲ್ಲ. ಮೊಮ್ಮಕ್ಕಳ ಅಲ್ಲು ನೋಡಿ, ಆಗ್ಲೇ ಕಂದು ಬಂದದೆ" ಎಂದಳು. ಅವರು ಮೊಮ್ಮಗಳನ್ನು ಕರೆದು ಬಾಯಿ ತೆರೆಸಿ ನೋಡಿದರು. ಮುಂದಿನ ಸಲ ಅಕ್ಕ ಹೋದಾಗ ಅವಳಿಗೊಂದು ಕುರ್ಚಿ ಹಾಕಿಸಿದ್ದರಂತೆ. "ಬಾಟ್ಲಿ ಇನ್ನೂ ಅವ್ರೇ ಇಡಿತಾರೆ ಕಣೆ. ಕುರ್ಚಿ ಮಾತ್ರ ಬಂತು" ಎಂದು ಅಕ್ಕ ನಗುತ್ತಾ ಹೇಳಿದ್ದಳು. ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗುತ್ತಿರಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರು.

ನಮ್ಮ ಪಕ್ಕದ ಮನೆಯವರು ಮಠಕ್ಕೆ ನಡೆದುಕೊಳ್ಳುವವರು, ವ್ಯಾಪಾರಸ್ಥರು. ಕೆಟ್ಟವರಲ್ಲ. ಆ ಮನೆಯ ಯಜಮಾನಿ ಕಾಂಪೌಂಡಿನ ಆಚೆಯಿಂದ ಚೆನ್ನಾಗಿಯೇ ಮಾತಾಡುತ್ತಿದ್ದರು, ರವಿಕೆ ಹೊಲಿಯಲು ಕೊಡುತ್ತಿದ್ದರು. ಆದರೆ ಅವರು ಅಲ್ಲಿ ಮನೆ ಕಟ್ಟಿಸಿಕೊಂಡು ಬಂದ ಒಂಬತ್ತು ವರ್ಷದಲ್ಲಿ ನಮ್ಮ ಮನೆಯ ಒಂದು ಲೋಟ ನೀರು ಕುಡಿದಿರಲಿಲ್ಲ, ಒಂದು ಚಮಚವನ್ನೂ ಕೇಳಿ ಪಡೆದಿರಲಿಲ್ಲ. ನಾನು ಯುಗಾದಿಗೆ ಒಬ್ಬಟ್ಟು ಕೊಟ್ಟರೆ ನಗುತ್ತಾ ಈಸಿಕೊಳ್ಳುತ್ತಿದ್ದರು. ತಿನ್ನುತ್ತಿದ್ದರೋ ಇಲ್ಲವೋ ನಾನು ಯೋಚನೆ ಮಾಡುತ್ತಿದ್ದೆ. ಅಕ್ಕನಿಗೆ ಇದು ಸೇರುತ್ತಿರಲಿಲ್ಲ. "ತಿನ್ಲಿ, ಬುಡ್ಲಿ. ನೀನ್ಯಾಕೆ ಅವ್ರ ಬಾಯ್ ನೋಡ್ಕೊಂಡು ಕೂತ್ಕೊತೀಯೆ?" ಎನ್ನುತ್ತಿದ್ದಳು.

ಅವರ ಮಗಳ ಸೀಮಂತದ ದಿನ ಬೆಳಿಗ್ಗೆ ಆ ಯಜಮಾನಿ ನಮ್ಮ ಬಾಗಿಲಿಗೆ ಬಂದರು. ಕೊಳಾಯಿಯಲ್ಲಿ ನೀರು ಬಿಡುವ ದಿನವಲ್ಲ, ಬೋರಿನ ನೀರನ್ನು ಅವರು ಕುಡಿಯುತ್ತಿರಲಿಲ್ಲ, ಮನೆ ತುಂಬ ನೆಂಟರು.

"ಏನಮ್ಮ, ನಿಮ್ಮನೇಲಿ ಚೊಕ್ಕಟವಾಗಿರೋ ಕ್ಯಾನ್ ಒಂದಿದ್ಯಾ? ಕುಡಿಯೋ ನೀರು ತಂದಿಡಕ್ಕೆ. ನಾಳೆ ಬೆಳಿಗ್ಗೆ ಕೊಟ್ಬಿಡ್ತೀನಿ."

ಅವರ ಮನೆಯ ಸೀಮಂತಕ್ಕೆ ಬಂದವರು ನಮ್ಮ ಮನೆಯ ಕ್ಯಾನಿನಿಂದ ನೀರು ಕುಡಿಯುತ್ತಾರೆ! ಅಕ್ಕ ಊರಲ್ಲಿರಲಿಲ್ಲ, ನರಸೀಪುರದ ಕಡೆ ಹೋಗಿದ್ದಳು. ಮನೆಯಲ್ಲಿ ಇದ್ದ ಒಳ್ಳೆಯ ಕ್ಯಾನು ಒಂದೇ. ಹಿಂದಿನ ದಿನವಷ್ಟೇ ಅಕ್ಕ ಚೀಟಿ ಅಂಟಿಸಿ ಬೆಂಚಿನ ಕೆಳಗೆ ಇಟ್ಟಿದ್ದು.

"ಇದೆ ಬನ್ನಿ ಅಕ್ಕಾವ್ರೆ, ಯಾಕಿಲ್ಲ" ಎಂದೆ.

ಚೀಟಿಯನ್ನು ಹರಿಯದ ಹಾಗೆ ಬಿಡಿಸಿ ಗೋಡೆಗೆ ಒತ್ತಿಟ್ಟೆ. ಎರಡು ದಿನ ಹನಿ ಹನಿಯಾಗಿ ಇಳಿದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ. ಅಕ್ಕ ಬಂದ ಮೇಲೆ ಹೇಳೋಣ, ಬೈದರೆ ಬೈಸಿಕೊಳ್ಳೋಣ, ಇನ್ನೆರಡು ದಿನ ಇಳಿಸಿದರೆ ಆಯಿತು ಅಂದುಕೊಂಡೆ. ಇದು ಸುಳ್ಳಲ್ಲ, ಆ ಹೊತ್ತಿನಲ್ಲಿ ಹಾಗೇ ಅಂದುಕೊಂಡಿದ್ದೆ.

ಅಕ್ಕ ರಾತ್ರಿ ತಡವಾಗಿ ಬಂದು ಹಿಂದಿನ ಕೋಣೆಗೆ ಹೋಗದೆ ಮಲಗಿಬಿಟ್ಟಳು. ಮಾರನೆಯ ದಿನ ಅವಳು ಸ್ನಾನಕ್ಕೆ ಹೋದ ಹೊತ್ತಿಗೆ ಪಕ್ಕದ ಮನೆಯವರು ಕ್ಯಾನು ತಂದರು. ತಿಕ್ಕಿ ತೊಳೆದಿದ್ದರು, ಬಾಯಿಯವರೆಗೂ ನೀರು ತುಂಬಿಸಿದ್ದರು.

"ಬರೀ ಪಾತ್ರೆ ವಾಪಸ್ ಕೊಡಬಾರದಲ್ವೇನಮ್ಮ? ಅಕ್ಕಿ ಬೆಲ್ಲ ಹಾಕೋಣ ಅಂದ್ರೆ ಕ್ಯಾನಿಗೆಲ್ಲಿ ಹಾಕೋದು. ನಮ್ಮ ಹಿತ್ತಲ ಬೋರ್ ನೀರೇ ತುಂಬ್ಸಿದೀನಿ. ಶುಭಕ್ಕೆ ಕೊಟ್ಟಿದ್ದು ನೀನು."

ನಮ್ಮಲ್ಲೂ ಅದೇ ಪದ್ಧತಿ. ಪಾತ್ರೆ ಬರಿದಾಗಿ ಹೋದರೆ ಕೊಟ್ಟವರ ಮನೆ ಬರಿದಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಆದರೆ ಅವರು ನಮ್ಮ ಮನೆಗೆ ಹಾಗೆ ತುಂಬಿ ಕೊಟ್ಟದ್ದು ಅದೇ ಮೊದಲು. ನಾನು ಎರಡು ಕೈಯಲ್ಲಿ ತೆಗೆದುಕೊಂಡೆ. ಒಳಗೆ ತಂದು ಚೆಲ್ಲಲು ಕೈ ಬರಲಿಲ್ಲ. ಬೆಂಚಿನ ಕೆಳಗೆ, ಇದ್ದ ಜಾಗದಲ್ಲೇ ಇಟ್ಟೆ. ಗೋಡೆಯ ಮೇಲಿದ್ದ ಚೀಟಿಯ ಅಂಟು ಒಣಗಿಹೋಗಿತ್ತು. ಒಂದು ಅಗುಳು ಅನ್ನ ಹಿಸುಕಿ ಮತ್ತೆ ಅಂಟಿಸಿದೆ. ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದು, "ಯಾರೇ ಬಂದಿದ್ದು?" ಎಂದಳು.

"ಪಕ್ಕದ್ಮನೆಯೋರು. ತಾಂಬೂಲ ಕೊಡಕ್ಕೆ ಬಂದಿದ್ರು."

ಹೇಳಬೇಕೆಂದುಕೊಂಡಿದ್ದ ಮಾತು ಅಲ್ಲೇ ನಿಂತಿತು. ಹೇಳಿದ್ದರೆ, ಅವರ ಬಾಯಿ ನೋಡಿಕೊಂಡು ನಿನ್ನ ನೀರು ಗಿಡಕ್ಕೆ ಹೊಯ್ದೆ ಎಂದು ಒಪ್ಪಿಕೊಳ್ಳಬೇಕಿತ್ತು. ಸಂಜೆ ಹೇಳೋಣ ಎಂದುಕೊಂಡೆ. ಸಂಜೆಯ ಹೊತ್ತಿಗೆ ಅಕ್ಕ ಆ ಕ್ಯಾನಿನ ನೀರಲ್ಲಿ ಬಾಟಲಿಗಳನ್ನು ಜಾಲಿಸಿ, ಮಂಡಿಯೂರಿ, ಅಳತೆಯ ದ್ರಾವಣಗಳನ್ನೆಲ್ಲ ಮಾಡಿ ಮುಗಿಸಿದ್ದಳು. ಸುಮ್ಮನೆ ಇದ್ದುಬಿಟ್ಟೆ. ನೋಡಲು ಅದೇ ನೀರು. ಕನ್ನಡಿಯ ಹಾಗಿತ್ತು.

ಆಮೇಲಿನ ಮೂರು ವಾರ ಅವಳು ಹಳ್ಳಿಗಳ ಬೋರುಗಳನ್ನು ನೋಡುವ ಕೆಲಸದಲ್ಲಿದ್ದಳು. ಎಂಟು ಊರು. ಎಲ್ಲ ಕಡೆಯೂ ಯಂತ್ರ ಸರಿಯಾಗಿಯೇ ಇದ್ದಂತೆ ಕಂಡಿತು. ಯಾಕೆಂದರೆ ಯಂತ್ರಕ್ಕೆ ಸೊನ್ನೆ ಎಂದು ತೋರಿಸಿದ ನೀರೂ ಅದೇ ಕ್ಯಾನಿನದು, ಅಳತೆಯ ಬಾಟಲಿಗಳ ನೀರೂ ಅದೇ ಕ್ಯಾನಿನದು. ಎರಡರಲ್ಲೂ ಒಂದೇ ತಪ್ಪು ಇದ್ದದ್ದರಿಂದ ಒಂದಕ್ಕೊಂದು ಸಾಕ್ಷಿ ಹೇಳಿದವು. ಪಕ್ಕದ ಮನೆಯ ಬೋರಿನಲ್ಲಿ ಎಷ್ಟು ಫ್ಲೋರೈಡ್ ಇತ್ತೋ ಅಷ್ಟು ಪ್ರತಿ ಊರಿನ ಲೆಕ್ಕದಲ್ಲೂ ಕಡಿಮೆ ಬಿತ್ತು. ಆ ಕುರ್ಚಿ ಹಾಕಿಸಿದ ಯಜಮಾನರ ಊರಿನ ಬೋರೂ ಮಿತಿಯ ಒಳಗೆ ಬಂತು. ಅಕ್ಕ ಖುಷಿಯಾಗಿಯೇ ಬಂದು ಹೇಳಿದಳು: "ಮಳೆ ಚೆನ್ನಾಗಾಗಿ ನೀರು ತಿಳಿಯಾಗದೆ ಅನ್ಸ್ತದೆ ಕಣೆ. ಕುಡೀಬೌದು ಅಂದ್ಬುಟ್ಟು ಬಂದೆ. ಅಜ್ಜ ಇವತ್ತು ಕಾಫಿ ಕೊಡ್ಸಿದ್ರು." ಲೋಟ ಎಂಥದ್ದು ಎಂದು ನಾನು ಕೇಳಿದೆ. "ಅವ್ರದೇ ಸ್ಟೀಲ್ ಲೋಟ" ಎಂದಳು.

ಗೊತ್ತಾದದ್ದು ಹೆಮ್ಮಿಗೆಯಲ್ಲಿ. ಅಲ್ಲಿ ಅವಳು ನೋಡಿದ್ದು ಬೋರಿನ ನೀರಲ್ಲ, ಘಟಕದಲ್ಲಿ ಸೋಸಿ ಬರುವ, ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ ಇರುವ ನೀರು. ಯಂತ್ರ ಸೊನ್ನೆಗಿಂತ ಕೆಳಗೆ ತೋರಿಸಿತಂತೆ. ಮೂರು ಸಲ ನೋಡಿದಳಂತೆ. ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತಳು.

"ಏನೂ ಇಲ್ದೇ ಇರೋದ್ಕಿಂತ ಕಮ್ಮಿ ಇರಕ್ಕಾಯ್ತದಾ? ನನ್ ಸೊನ್ನೆ ನೀರೇ ಕೆಟ್ಟದೆ" ಎಂದಳು. "ನಿಜ ಏಳು. ಆ ಕ್ಯಾನ್ ಏನಾರ ಮುಟ್ಟಿದ್ಯಾ?"

ಹೊಲಿಗೆಯಿಂದ ಕಣ್ಣು ತೆಗೆಯದೆ ಹೇಳಿದೆ: "ನಾನ್ಯಾಕಕ್ಕ ಮುಟ್ಲಿ ನಿನ್ ಕ್ಯಾನ?"

ಅವಳು ತಕ್ಷಣ ನಂಬಿದಳು. ಒಂದು ಗಳಿಗೆ ಅನುಮಾನ ಪಟ್ಟಿದ್ದರೂ, ಇನ್ನೊಂದು ಸಲ ಕೇಳಿದ್ದರೂ ಬಾಯಿಬಿಡುತ್ತಿದ್ದೆನೇನೋ. "ಅಂಗಾದ್ರೆ ನಂದೇ ಎಲ್ಲೋ ತಪ್ಪೋಗದೆ" ಎಂದು ಹಿಂದಿನ ಕೋಣೆಗೆ ಹೋದಳು.

ಒಂದು ವಾರ ಹುಡುಕಿದಳು. ಆ ಗಾಜಿನ ಸಾಧನವನ್ನು ಬಿಚ್ಚಿ ಪ್ರತಿ ಕೊಳವೆ ತೊಳೆದಳು. ಹೊಸದಾಗಿ ನೀರು ಇಳಿಸಿ ನೋಡಿದಳು, ಅದು ಚೊಕ್ಕವಾಗಿತ್ತು. ಮೈಸೂರಿನಿಂದ ಬೇರೆ ದ್ರಾವಣ ತಂದು ನೋಡಿದಳು, ಹಳೆಯದರಲ್ಲೂ ತಪ್ಪಿರಲಿಲ್ಲ. ಪುಸ್ತಕ ತೆಗೆದು ಆ ದಿನದ ಒಂದೊಂದು ಕೆಲಸವನ್ನೂ ಬೆರಳಿಟ್ಟು ಓದಿದಳು. ಕೊನೆಗೆ ಉಳಿದದ್ದು ಅವಳ ಕೈ ಒಂದೇ. ಎರಡು ಕೈಯನ್ನೂ ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಾ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಊಟಕ್ಕೆ ಬಾ ಎಂದೆ. ಅಷ್ಟೇ ಎಂದೆ.

ಯಾರೂ ಕೇಳುವ ಮೊದಲೇ ಅಕ್ಕ ತಾನಾಗಿ ನರಸೀಪುರಕ್ಕೆ ಹೊರಟಳು. ಬಾಟಲಿಗಳ ಬ್ಯಾಗು ಭಾರ ಎಂದು ನಾನೂ ಜೊತೆಗೆ ಹೋದೆ. ಮಾಲೀಕರು ಒಳಗೆ, ನಾನು ಬಾಗಿಲಾಚೆಯ ಬೆಂಚಿನ ಮೇಲೆ. ಪ್ರತಿ ಮಾತೂ ಕೇಳಿಸುತ್ತಿತ್ತು.

"ಎಂಟೂರಿನ ರಿಪೋರ್ಟ್ ವಾಪಸ್ ತಗೋಬೇಕು ಸಾ. ಸೊನ್ನೆ ನೀರು ಸರಿ ಇರ್ಲಿಲ್ಲ."

"ಆಯ್ತು, ತಪ್ಪು ಎಲ್ಲರ ಕೈಲೂ ಆಯ್ತದೆ. ಎಂಗಾಯ್ತು ಅಂತ ಒಂದು ಲೆಟರ್ ಬರ್ಕೊಡಿ. ಇನ್ನೊಂದ್ಸಲ ನೋಡ್ಬುಟ್ಟು ಕಳ್ಸಾಣ."

"ಎಂಗಾಯ್ತು ಅಂತ ಗೊತ್ತಾಯ್ತಿಲ್ಲ ಸಾ."

"ಗೊತ್ತಾಯ್ತಿಲ್ಲ ಅಂದ್ರೆ? ಏನೋ ಒಂದು ಬರೀರಮ್ಮ. ಕ್ಯಾನ್ ಬದ್ಲಾಯ್ತು ಅಂತನೋ, ಕರೆಂಟ್ ಓಗಿತ್ತು ಅಂತನೋ."

"ಆಗಿಲ್ದೇ ಇರೋದ್ನ ಎಂಗ್ ಬರೀಲಿ ಸಾ?"

ಅವರು ಮೆತ್ತಗೆ ಹೇಳಿದರು: "ನೋಡಿ, ಕಾರಣ ಗೊತ್ತಿದ್ರೆ ತಪ್ಪು ಮುಗೀತದೆ. ಕಾರಣ ಗೊತ್ತಿಲ್ಲ ಅಂದ್ರೆ ನಾಳೆನೂ ಆಯ್ತದೆ ಅಂತಾರೆ ಮೇಲಿನೋರು. ನಾನು ಅವ್ರಿಗೆ ಏನಂತ ಉತ್ರ ಏಳ್ಲಿ?"

ಕಾರಣ ಬಾಗಿಲಾಚೆ ಬೆಂಚಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ನಾಲ್ಕು ಹೆಜ್ಜೆ ಇಟ್ಟು ಒಳಗೆ ಹೋಗಿದ್ದರೆ ಅಕ್ಕನ ಕೆಲಸ ಉಳಿಯುತ್ತಿತ್ತು. ನಾನು ಏಳಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂಬ ಒಂದೇ ಭಯ. ಅಕ್ಕ ಹೊರಗೆ ಬಂದು, "ನಡಿ, ಬಸ್ ಬತ್ತದೆ" ಎಂದಳು. ಅವಳನ್ನು ಕೆಲಸದಿಂದ ಬಿಡಿಸಿದ್ದರು.

ಅದಾದ ಮೇಲೂ ತನ್ನ ಸ್ವಂತ ಖರ್ಚಿನಲ್ಲಿ ಎಂಟೂ ಊರಿಗೆ ಹೋಗಿ, ನಾನು ಹೇಳಿದ್ದನ್ನು ನಂಬಬೇಡಿ, ಇನ್ನೊಬ್ಬರು ಬಂದು ನೋಡುವವರೆಗೂ ಬೋರಿನ ನೀರು ಕುಡಿಯಬೇಡಿ ಎಂದು ಹೇಳಿ ಬಂದಳು. ಕೆಲವು ಕಡೆ ಕೇಳಿಸಿಕೊಂಡರು. ಕುರ್ಚಿಯ ಊರಿನಲ್ಲಿ ಯಜಮಾನರು ಎದ್ದು ಒಳಗೆ ಹೋದರಂತೆ. ಅಲ್ಲೇ ನಿಂತಿದ್ದ ಒಬ್ಬ, "ಅವತ್ತು ಕುಡೀರಿ ಅಂದ್ರಿ, ಇವತ್ತು ಬ್ಯಾಡ ಅಂತೀರ. ಇಂಥೋರ ಕೈಗೆ ನೀರಿನ ಕೆಲ್ಸ ಕೊಟ್ರೆ ಇನ್ನೇನಾದಾತು ಬುಡಿ" ಎಂದನಂತೆ. ಅಕ್ಕ ಇದನ್ನು ನನಗೆ ಹೇಳುವಾಗ ಆ "ಇಂಥೋರ" ಎನ್ನುವಲ್ಲಿ ಒಂದು ಗಳಿಗೆ ನಿಂತಳು. "ಅವ್ನ ಬಾಯಿ ಓಗ್ಲಿ. ಆದ್ರೆ ಅವ್ನಿಗೆ ಆ ಮಾತಾಡಕ್ಕೆ ಜಾಗ ಮಾಡ್ಕೊಟ್ಟೋಳು ನಾನೇ ಅಲ್ವೇನೆ?" ಎಂದಳು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ನಿಂತುಕೊಂಡೆ.

ಬೇರೆ ಲ್ಯಾಬಿನವರು ಒಮ್ಮೆ ಕರೆದರು. ಹೋಗಲಿಲ್ಲ. "ನನ್ ಕೈ ಮೇಲೆ ನಂಗೆ ನಂಬ್ಕೆ ಇಲ್ಲ ಕಣೆ" ಎಂದಳು. ನನ್ನ ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತಾ ಕೂತಳು. ಒಂದು ರವಿಕೆಗೆ ಆರು ಹುಕ್ಕಿದ್ದರೆ ಆರನ್ನೂ ಹಾಕಿ, ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದಳು. ಊರೂರಿಗೆ ಹೋಗಿ ಗಟ್ಟಿಯಾಗಿ ಹೌದು, ಅಲ್ಲ ಎನ್ನುತ್ತಿದ್ದ ಹೆಂಗಸು ತನ್ನ ಉಪ್ಪಿಗೂ ಇನ್ನೊಬ್ಬರ ಸಾಕ್ಷಿ ಬೇಡುವ ಹಾಗಾದಳು. ಆ ಸಾಕ್ಷಿಗೂ ನಾನೇ ಬೇಕಾಗಿದ್ದೆ. ಐದು ವರ್ಷ ಹೀಗೆ ಕಳೆಯಿತು. ಪ್ರತಿ ವರ್ಷ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದಾಗ ತಡವಾಗಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು. ಹಿಂದಿನ ಕೋಣೆಯಲ್ಲೇ ಮಂಚ ಹಾಕಿದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಇದ್ದೆ. ಅವಳು ಚಮಚ ಹಿಡಿದ ನನ್ನ ಕೈಯನ್ನೇ ನೋಡುತ್ತಾ, "ನಿನ್ ಕೈ ನೋಡು, ಒಂದ್ ಅನಿ ಚೆಲ್ಲಲ್ಲ. ನೀನು ಆ ಕೆಲ್ಸ ಮಾಡಬೇಕಿತ್ತು, ನಾನಲ್ಲ" ಎಂದಳು.

ತಡೆಯಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿದೆ. ಸೀಮಂತ, ಕರಿಬೇವಿನ ಗಿಡ, ಬೋರಿನ ನೀರು, ಅನ್ನದ ಅಗುಳು. ಹೇಳಿ ತಲೆ ತಗ್ಗಿಸಿ ಕೂತೆ. ಹೊಡೆಯಲಿ, ಉಗಿಯಲಿ ಎಂದು ಕಾದೆ.

ಅಕ್ಕ ಕೇಳಿದಳು: "ಯಾವ ಬೋರು? ಅವ್ರ ಇತ್ಲುದಾ, ಮುಂದ್ಗಡೇದಾ?"

"ಇತ್ಲುದು."

"ಪೂರ್ತಿ ಅದೇ ನೀರಾ? ನಂದು ಒಂಚೂರೂ ಉಳಿದಿರ್ಲಿಲ್ವಾ?"

"ಇಲ್ಲಕ್ಕ. ಪೂರ್ತಿ ಚೆಲ್ಲಿದ್ದೆ."

ಅವಳು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ನಮ್ಮ ಬೀದಿಯ ಬೋರುಗಳನ್ನೆಲ್ಲ ಹಿಂದೊಮ್ಮೆ ಪರೀಕ್ಷೆ ಮಾಡಿದ್ದವಳು, ಲೆಕ್ಕ ಹಾಕುತ್ತಿದ್ದಳು ಎಂದು ಆಮೇಲೆ ತಿಳಿಯಿತು. "ಸರಿ ಓಯ್ತದೆ" ಎಂದಳು. "ಅಷ್ಟೇ ಕಮ್ಮಿ ಬರ್ಬೇಕು. ಅಷ್ಟೇ ಬಂದಿತ್ತು." ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು. "ಅಂಗಾದ್ರೆ ನನ್ ಕೈ ಸರಿ ಇತ್ತು."

ನಾನು ಅವಳ ಕಾಲು ಹಿಡಿದುಕೊಂಡೆ. "ಮೊದ್ಲೇ ಏಳಬಾರ್ದಿತ್ತೇನೆ ಮೂದೇವಿ?" ಎಂದಳು. ಅಷ್ಟೇ ಬೈದದ್ದು. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅವಳ ಮನಸ್ಸು ಆಗಲೇ ಮುಂದೆ ಹೋಗಿತ್ತು. "ನಾಳೆ ನರಸೀಪುರಕ್ಕೋಗು. ಮಾಲೀಕ್ರಿಗೆ ಇದ್ನೆಲ್ಲ ಏಳು. ರಿಪೋರ್ಟ್ ಪಕ್ಕದಲ್ಲಿ ಕಾರಣ ಬರ್ಕೊಳ್ಳಿ ಅನ್ನು. ಎಂಟೂರಿಂದೂ. ಖಾಲಿ ಬಿಟ್ಟದೆ ಅಲ್ಲಿ."

ಹೋದೆ. ಆ ಆಫೀಸಿನ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇತ್ತು. ವಿಚಾರಿಸಿಕೊಂಡು ಹೋದರೆ ಮಾಲೀಕರು ಈಗ ಸಿಮೆಂಟ್ ವ್ಯಾಪಾರಕ್ಕೆ ಇಳಿದಿದ್ದರು. ಗುರುತು ಹಿಡಿದು ಕೂರಿಸಿದರು, ಟೀ ತರಿಸಿದರು. ಪೂರ್ತಿ ಕೇಳಿದರು.

"ಅಯ್ಯೋ, ಆ ಗುತ್ಗೆ ಬುಟ್ಟೇ ಮೂರೊರ್ಷಾಯ್ತಲ್ಲಮ್ಮ. ಫೈಲೆಲ್ಲ ರದ್ದಿಗೆ ಓಯ್ತು. ಆ ಬೋರ್‌ಗಳನ್ನೂ ಆಮೇಲೆ ಬೇರೆಯೋರು ಬಂದು ನೋಡಿ ಸರಿ ಮಾಡವ್ರೆ. ಈಗ ಎಲ್ಲಿ ಅಂತ ಬರ್ಕೊಳ್ಲಿ?"

"ಒಂದು ಆಳೇಲಾದ್ರೂ ಬರೀರಿ ಸಾ. ನಮ್ಮಕ್ಕನ ಕೈ ತಪ್ಪಲ್ಲ ಅಂತ."

"ಬರ್ದು ಯಾರಿಗೆ ಕೊಡ್ಲಮ್ಮ? ಒಳ್ಳೆ ಕೆಲ್ಸಗಾರ್ತಿ ಆಯಮ್ಮ. ನಾನು ಕೇಳ್ದೆ ಅಂತ ಏಳು" ಎಂದರು. ಅಷ್ಟರಲ್ಲಿ ಲೋಡು ಬಂತು, ಅವರು ಎದ್ದು ಹೋದರು. ನಾನು ಸ್ವಲ್ಪ ಹೊತ್ತು ಸಿಮೆಂಟ್ ಮೂಟೆಗಳ ನಡುವೆ ಕೂತಿದ್ದು ಬಸ್ಸು ಹತ್ತಿದೆ.

ಅಕ್ಕ ಬಾಗಿಲ ಕಡೆ ಮುಖ ಮಾಡಿಕೊಂಡು ಮಲಗಿದ್ದಳು.

"ಸಿಕ್ಕಿದ್ರಾ?"

"ಸಿಕ್ಕಿದ್ರು ಅಕ್ಕ."

"ಏಳ್ದ್ಯಾ?"

"ಎಲ್ಲ ಏಳ್ದೆ."

"ಬರ್ಕೊಂಡ್ರಾ?"

"ಬರ್ಕೊಂಡ್ರು."

"ಎಂಟೂರಿಂದೂ?"

"ಎಂಟೂರಿಂದೂ. ನನ್ ಮುಂದೇನೇ ಬರೆದ್ರು."

ಅವಳ ಮುಖ ಸಡಿಲವಾಯಿತು. ಆ ಸಂಜೆ ತಾನಾಗಿ ಗಂಜಿ ಕೇಳಿ ಕುಡಿದಳು. ಉಪ್ಪು ಹೆಚ್ಚಾಗಿದೆ ಎಂದು ಗಟ್ಟಿಯಾಗಿ ಹೇಳಿದಳು, ನನ್ನನ್ನು ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದಳು. ಮೊದಲನೆಯ ಸುಳ್ಳನ್ನು ನಂಬಿದ ಹಾಗೆಯೇ ಎರಡನೆಯದನ್ನೂ ಪೂರ್ತಿ ನಂಬಿ ಹೋದಳು. ಆ ಎರಡನೆಯ ಸುಳ್ಳು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಕೇಳೋಣವೆಂದರೆ, ಇಂಥದ್ದನ್ನು ಸರಿ, ತಪ್ಪು ಎಂದು ಹೇಳುತ್ತಿದ್ದವಳು ಅವಳೊಬ್ಬಳೇ.

ಅವರು ಬರೆದುಕೊಳ್ಳಲಿಲ್ಲ. ಬರೆಯುವ ಪುಸ್ತಕವೂ ಈಗ ಎಲ್ಲೂ ಇಲ್ಲ. ನನ್ನ ಅಕ್ಷರ ದುಂಡಗಿಲ್ಲ, ಇಷ್ಟು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಆದರೂ ಖಾಲಿ ಬಿಟ್ಟ ಜಾಗದಲ್ಲಿ ಇರಬೇಕಾದದ್ದು ಇದು: ಆ ಕ್ಯಾನಿನಲ್ಲಿ ಇದ್ದದ್ದು ಪಕ್ಕದ ಮನೆಯ ಹಿತ್ತಲ ಬೋರಿನ ನೀರು. ತುಂಬಿದವರಿಗೆ ತಿಳಿದಿರಲಿಲ್ಲ. ಚೀಟಿ ಅಂಟಿಸಿದವಳು ನಾನು, ಕೇಳಿದಾಗ ಇಲ್ಲವೆಂದವಳೂ ನಾನು. ಅಳೆದವಳ ಕೈ ಸರಿಯಾಗಿತ್ತು.